ಮೂರು ಊರಿನ ಅರ್ಧ ಸಹಿ

ಅರ್ಧ ಸಹಿಯಾದ ವ್ಯವಹಾರವೆಂದರೆ ಏನು ಎನ್ನುವುದು ನನಗೆ ಸರಿಯಾಗಿ ತಿಳಿಯಲು ಒಂದೂವರೆ ವರ್ಷ ಹಿಡಿಯಿತು. ಆ ಒಂದೂವರೆ ವರ್ಷವೂ ಅದಕ್ಕೆ ಪ್ರೋಗ್ರಾಂ ಬರೆಯುತ್ತಿದ್ದವನು ನಾನೇ. ಈಗ ನಿವೃತ್ತನಾಗಿ ಗೌರಿಬಿದನೂರಿನ ಮನೆಯಲ್ಲಿ ಕೂತಿದ್ದೇನೆ. ಆಫೀಸಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ನಾನು ಬಿಡುವಾಗ, "ಸಾರ್, ಎಲ್ಲಾ ಬರೆದಿಡಿ" ಎಂದಿದ್ದರು. ಅವರು ಕೇಳಿದ್ದು ಪ್ರೋಗ್ರಾಮಿನ ಟಿಪ್ಪಣಿಯನ್ನು. ಅದನ್ನು ಕೊಟ್ಟೇ ಬಂದಿದ್ದೇನೆ. ಆ ಟಿಪ್ಪಣಿಯಲ್ಲಿ ಬರೆಯಲಾಗದೆ ಉಳಿದದ್ದು ಇಲ್ಲಿದೆ.

ನಾನು ಇಪ್ಪತ್ತಾರು ವರ್ಷ ಗೌರಿಬಿದನೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡಿ ಬ್ಯಾಂಕುಗಳಿಗೆ ಪ್ರೋಗ್ರಾಂ ಬರೆದುಕೊಡುವ ಒಂದು ಕಂಪನಿಯಲ್ಲಿ ದುಡಿದೆ. ಚೆಕ್ಕು, ಡ್ರಾಫ್ಟು, ಖಾತೆಯಿಂದ ಹಣ ತೆಗೆಯುವುದು, ಇವಿಷ್ಟೇ ನನ್ನ ಜಗತ್ತು. ಐವತ್ತೆರಡನೇ ವಯಸ್ಸಿಗೆ ಆ ಕಂಪನಿ ನಮ್ಮ ವಿಭಾಗವನ್ನು ಮುಚ್ಚಿತು. ಆಗ ನನ್ನನ್ನು ಕರೆದವನು ಮುನಿರಾಜು. ಚಿಂತಾಮಣಿಯವನು, ಹಿಂದೆ ನನ್ನ ಕೈಕೆಳಗೆ ನಾಲ್ಕು ವರ್ಷ ಕೆಲಸ ಕಲಿತವನು. ಈಗ ಚಿಕ್ಕಬಳ್ಳಾಪುರದಲ್ಲಿ ಒಂದು ಬೀಜ, ಗೊಬ್ಬರದ ಅಂಗಡಿಯ ಮಹಡಿ ಹಿಡಿದು ಬಿಟ್‌ಕಾಯಿನ್ ಕೊಳ್ಳುವ ಮಾರುವ ಸಣ್ಣ ಕಂಪನಿ ನಡೆಸುತ್ತಿದ್ದ. ನಾವು ಎಂಟು ಜನ. ಅವನು ಮಾಲೀಕ, ನಾನು ನೌಕರ. ಆದರೂ ಅವನು ನನ್ನನ್ನು "ಸಾರ್" ಎನ್ನುವುದನ್ನು ಬಿಡಲಿಲ್ಲ. ನಾನು ಅವನನ್ನು ಹೇಗೆ ಕರೆಯಬೇಕೆಂದು ತಿಳಿಯದೆ ಎಂಟು ವರ್ಷ ಯಾವ ಸಂಬೋಧನೆಯೂ ಇಲ್ಲದೆ ಮಾತಾಡಿದೆ.

ಗಿರಾಕಿಗಳು ತಮ್ಮ ಬಿಟ್‌ಕಾಯಿನ್ನನ್ನು ನಮ್ಮಲ್ಲಿ ಇಟ್ಟಿರುತ್ತಿದ್ದರು. ಬೇಕಾದಾಗ ತಮ್ಮ ಸ್ವಂತ ವಿಳಾಸಕ್ಕೆ ಕಳಿಸಿ ಎಂದು ಕೇಳುತ್ತಿದ್ದರು. ಆಫೀಸಿನಲ್ಲಿ ಅದಕ್ಕೆ ವಿತ್‌ಡ್ರಾ ಎನ್ನುತ್ತಿದ್ದೆವು. ಸಣ್ಣ ಮೊತ್ತವಾದರೆ ಕಂಪ್ಯೂಟರೇ ಕಳಿಸುತ್ತಿತ್ತು. ದೊಡ್ಡದಾದರೆ ಮೂವರಲ್ಲಿ ಇಬ್ಬರು ಸಹಿ ಹಾಕಬೇಕು. ಸಹಿ ಎಂದರೆ ಪೆನ್ನಿನದಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ, ಅದಕ್ಕೊಂದು ಪುಟ್ಟ ಪರದೆ, ಎರಡು ಗುಂಡಿ. ಸಹಿಯ ಗುಟ್ಟು ಅದರೊಳಗೇ ಇರುತ್ತದೆ, ಹೊರಗೆ ಬರುವುದಿಲ್ಲ. ಒಂದು ಯಂತ್ರ ಮುನಿರಾಜು ಹತ್ತಿರ, ಒಂದು ನನ್ನ ಹತ್ತಿರ, ಮೂರನೆಯದು ಚಿಂತಾಮಣಿಯ ಲಲಿತಮ್ಮನವರ ಹತ್ತಿರ. ಅವರು ಖಜಾನೆಯಲ್ಲಿ ಹೆಡ್ ಅಕೌಂಟೆಂಟ್ ಆಗಿ ನಿವೃತ್ತರಾದವರು, ಮುನಿರಾಜುವಿನ ಮನೆಯ ಪಕ್ಕದ ಬೀದಿಯವರು. ಬಿಟ್‌ಕಾಯಿನ್ ಎಂದರೆ ಏನೆಂದು ಅವರಿಗೆ ತಿಳಿಯದು. ಅವರೇ ಯಾಕೆ ಎಂದು ಕೇಳಿದ್ದಕ್ಕೆ ಮುನಿರಾಜು ಹೇಳಿದ್ದ: "ಕಾಗದ ಸರಿ ಇಲ್ಲ ಅಂದ್ರೆ ಡಿ.ಸಿ. ಬಂದು ಎದುರಿಗೆ ನಿಂತ್ರೂ ಆಯಮ್ಮ ಸಹಿ ಹಾಕ್ತಿರ್ಲಿಲ್ಲ ಸಾರ್. ನನಗೆ ಅಂಥೋರು ಒಬ್ರು ಬೇಕು."

ಮೊದಲು ಸಹಿಗೆ ಇದ್ದ ಕ್ರಮ ನಾನೇ ಹೊಂದಿಸಿದ್ದು. ನನ್ನದೇ ರೀತಿಯ ಒಂದು ಫೈಲು, ಅದನ್ನು ಓದಲು ಆಫೀಸಿನ ಒಂದೇ ಒಂದು ಲ್ಯಾಪ್‌ಟಾಪು. ಹಾಗಾಗಿ ಇಬ್ಬರು ಅಲ್ಲೇ ಬಂದು ಕೂರಬೇಕಿತ್ತು. ಲಲಿತಮ್ಮ ವಾರಕ್ಕೆ ಎರಡು ಸಲ ಶಿಡ್ಲಘಟ್ಟದ ಮೇಲೆ ಬಸ್ಸಿನಲ್ಲಿ ಬಂದು, ಮಂಡಿನೋವಿನಲ್ಲಿ ಮಹಡಿ ಹತ್ತಿ, ಗುಂಡಿ ಒತ್ತಿ ಹೋಗುತ್ತಿದ್ದರು. ಒಂದು ದಿನ ಮುನಿರಾಜು ನನ್ನ ಮೇಜಿನ ಮುಂದೆ ಕೂತು, "ಸಾರ್, ಪಿಎಸ್‌ಬಿಟಿ ಹಾಕೋಣ. ಆಗ ಅವರವರ ಊರಲ್ಲೇ ಕೂತು ಸಹಿ ಹಾಕ್ಬಹುದು" ಎಂದ. ಹಾಕೋಣ ಎಂದೆ. ಆ ಹೆಸರನ್ನು ಅವತ್ತೇ ಮೊದಲು ಕೇಳಿದ್ದು ಎಂದು ಹೇಳಲಿಲ್ಲ.

ಪೂರ್ತಿ ಸಹಿಯಾಗದ ವ್ಯವಹಾರವನ್ನು, ಸಹಿ ಹಾಕುವವರಿಗೆ ಬೇಕಾದ ವಿವರಗಳ ಸಮೇತ, ಒಂದೇ ಫೈಲಿನಲ್ಲಿಟ್ಟು ಒಬ್ಬರಿಂದ ಒಬ್ಬರಿಗೆ ಕಳಿಸುವುದು, ಅಷ್ಟೇ ಪಿಎಸ್‌ಬಿಟಿ. ಇದನ್ನು ಈಗ ಒಂದು ವಾಕ್ಯದಲ್ಲಿ ಬರೆದೆ. ಆಗ ಅದರ ನಿಯಮಗಳನ್ನು ಓದಿದವನಿಗೆ ಕಂಡದ್ದು ಆರು ಪಾತ್ರಗಳು: ಫೈಲು ಹುಟ್ಟಿಸುವವನು, ವಿವರ ತುಂಬುವವನು, ಸಹಿ ಹಾಕುವವನು, ಸಹಿಗಳನ್ನು ಒಟ್ಟುಗೂಡಿಸುವವನು, ಮುಗಿಸುವವನು, ಹೊರತೆಗೆದು ಕಳಿಸುವವನು. ಹದಿನೈದು ದಿನ ಕೂತು ಆರು ಬೇರೆ ಬೇರೆ ಪ್ರೋಗ್ರಾಂ ಬರೆದೆ. ಒಂದರ ಬಾಗಿಲಿಂದ ಇನ್ನೊಂದಕ್ಕೆ ಫೈಲು ಹೋಗಲು ಐದು ಫೋಲ್ಡರು ಮಾಡಿದೆ. ಆಮೇಲೆ ಮುನಿರಾಜುವಿಗೆ, ಒಂದೊಂದಕ್ಕೆ ಒಬ್ಬೊಬ್ಬರು ಜವಾಬ್ದಾರರು ಬೇಕಾಗುತ್ತೆ ಎಂದು ಹೇಳಿದೆ.

"ಇರೋದೇ ಎಂಟು ಜನ ಸಾರ್," ಎಂದ ಅವನು. "ಆರು ಜನ ಇದಕ್ಕೇ ನಿಂತ್ರೆ ಫೋನ್ ಎತ್ತೋರು ಯಾರು?"

ಅವು ಆರು ಕೆಲಸ ಮಾತ್ರ, ಆರು ಜನರಲ್ಲ, ಸಹಿಯೊಂದನ್ನು ಬಿಟ್ಟು ಉಳಿದ ಐದನ್ನೂ ಒಂದೇ ಪ್ರೋಗ್ರಾಂ ಮಾಡಬಹುದು ಎಂದು ನನಗೆ ಹೊಳೆದದ್ದು ಮರುವಾರ, ರೈಲ್ವೆ ಗೇಟು ತೆಗೆಯುವುದನ್ನು ಕಾಯುತ್ತಾ ನಿಂತಿದ್ದಾಗ. ಬರೆದದ್ದನ್ನೆಲ್ಲ ಅಳಿಸಿದೆ. ಯಾರಿಗೂ ಹೇಳಲಿಲ್ಲ. ಹೊಸಬರಿಗೆ ಇದನ್ನು ಹೇಳುತ್ತಿರುವ ಕಾರಣ ಇಷ್ಟೇ: ಈ ಕೆಲಸದಲ್ಲಿ ಗೊತ್ತಿಲ್ಲ ಎನ್ನುವುದಕ್ಕೆ ಸರಿಯಾದ ಸಮಯ ಮೊದಲ ದಿನ. ಆ ದಿನ ದಾಟಿದರೆ ಬಾಯಿ ಬರುವುದಿಲ್ಲ.

ಮೊದಲ ನಿಜವಾದ ಫೈಲನ್ನು ಚಿಂತಾಮಣಿಗೆ ಕಳಿಸಿದ ದಿನ ಲಲಿತಮ್ಮ ಫೋನ್ ಮಾಡಿದರು.

"ಮೂರ್ತಿಯವರೇ, ಇದರಲ್ಲಿ ಎರಡು ವಿಳಾಸ ತೋರಿಸ್ತಿದೆ. ಒಂದು ಗಿರಾಕಿದು, ನೀವು ಕೊಟ್ಟ ಪಟ್ಟಿಗೆ ಸರಿಹೋಗುತ್ತೆ. ಇನ್ನೊಂದು ಯಾರ್ದು?"

"ಅದು ನಮ್ದೇ ಅಮ್ಮ. ಐನೂರರ ನೋಟು ಕೊಟ್ರೆ ಚಿಲ್ಲರೆ ವಾಪಸ್ ಬರಲ್ವಾ, ಹಾಗೆ."

"ನಮ್ದು ಅಂತ ಈ ಯಂತ್ರ ಹೇಳ್ತಿಲ್ಲ. ನೀವು ಹೇಳ್ತಿದ್ದೀರಿ."

"ನಾನೇ ಬರೆದಿರೋ ಪ್ರೋಗ್ರಾಂ ಅಮ್ಮ ಅದು."

"ಇರಬಹುದು. ನಾನು ಹಾಕಲ್ಲ."

ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಭಯವೂ ಬಂತು. ಯಂತ್ರ ನಮ್ಮ ಚಿಲ್ಲರೆಯನ್ನು ನಮ್ಮದು ಎಂದು ಗುರುತಿಸಬೇಕಿತ್ತು. ಗುರುತಿಸುತ್ತಿಲ್ಲ ಎಂದರೆ ಯಾರೋ ಒಳಗೆ ನುಗ್ಗಿ ವಿಳಾಸ ಬದಲಿಸಿರಬಹುದೇ? ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಚಿಂತಾಮಣಿಗೆ ಹೋದೆ. ಲಲಿತಮ್ಮನವರ ಊಟದ ಮೇಜಿನ ಮೇಲೆ ಯಂತ್ರ, ಪಕ್ಕದಲ್ಲಿ ಕನ್ನಡಕ, ಒಂದು ಹಾಳೆ. ಹಾಳೆಯಲ್ಲಿ ಎರಡೂ ವಿಳಾಸಗಳನ್ನು ಅಕ್ಷರ ಅಕ್ಷರ ಬಿಡಿಸಿ ಬರೆದುಕೊಂಡಿದ್ದರು. ನಾನು ಒಂದು ಗಂಟೆ ವಿವರಿಸಿದೆ. ಅವರು ಕೇಳಿಸಿಕೊಂಡು, ಉಪ್ಪಿಟ್ಟು ಕೊಟ್ಟು, ಒಂದೇ ಮಾತು ಹೇಳಿದರು.

"ನಮ್ಮ ಖಜಾನೇಲಿ ಬಿಲ್ ಜೊತೆ ಲಗತ್ತು ಇಲ್ಲದಿದ್ರೆ ವಾಪಸ್ ಕಳಿಸ್ತಿದ್ವಿ. ಬಿಲ್ ಸುಳ್ಳು ಅಂತಲ್ಲ. ಲಗತ್ತು ಇಲ್ಲ ಅಂತ. ನಿಮ್ಮದ್ರಲ್ಲಿ ಏನೋ ಒಂದು ಲಗತ್ತು ಬಿಟ್ಟುಹೋಗಿದೆ ನೋಡಿ."

ಬಿಟ್ಟುಹೋಗಿತ್ತು. ಚಿಲ್ಲರೆಯ ವಿಳಾಸ ನಮ್ಮ ಯಾವ ಗುಟ್ಟಿನಿಂದ, ಯಾವ ದಾರಿಯಲ್ಲಿ ಹುಟ್ಟಿದ್ದು ಎಂಬ ವಿವರವನ್ನು ಫೈಲಿನಲ್ಲಿ ತುಂಬಬೇಕು. ಹಣ ಹೊರಡುವ ಕಡೆಗೆ ತುಂಬಿದ್ದೆ, ಚಿಲ್ಲರೆ ಬರುವ ಕಡೆಗೆ ಮರೆತಿದ್ದೆ. ಯಂತ್ರಕ್ಕೆ ಅದು ಅಪರಿಚಿತ ವಿಳಾಸದಂತೆಯೇ ಕಂಡಿತ್ತು. ಅವರ ಮೇಜಿನ ಮೇಲೇ ನಾಲ್ಕು ಸಾಲು ಸೇರಿಸಿ ಹೊಸ ಫೈಲು ಮಾಡಿಕೊಟ್ಟೆ. ಈ ಸಲ ಒಂದೇ ವಿಳಾಸ ತೋರಿಸಿತು. ಲಲಿತಮ್ಮ ಅದನ್ನು ಹಾಳೆಯ ಜೊತೆ ತಾಳೆ ನೋಡಿ ಗುಂಡಿ ಒತ್ತಿದರು. ನಾನು ತಪ್ಪಾಯಿತು ಎಂದೆ. ಅವರು, "ಲಗತ್ತು ಸಿಕ್ತಲ್ಲ, ಬಿಡಿ" ಎಂದರು.

ಇದಾದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಎಲ್ಲ ಸರಾಗವಾಗಿ ನಡೆಯಿತು. ನನಗೆ ಅರ್ಥವಾಯಿತು ಎಂದುಕೊಂಡೆ. ಈಗ ಹೇಳಲಿರುವುದು ಅದರ ನಂತರದ್ದು.

ಊರಿಂದ ಊರಿಗೆ ಫೈಲು ಹೋಗುವಾಗ ಒಬ್ಬರು ಸಹಿ ಹಾಕದೆ ತಡವಾದರೆ ಗಿರಾಕಿ ಕಾಯಬೇಕಾಗುತ್ತಿತ್ತು. ಅದಕ್ಕಾಗಿ ನಾನೊಂದು ಏರ್ಪಾಡು ಮಾಡಿದ್ದೆ. ಎರಡು ಗಂಟೆಯಲ್ಲಿ ಎರಡು ಸಹಿ ಬರದಿದ್ದರೆ ಆ ಫೈಲು ರದ್ದು. ಕಂಪ್ಯೂಟರು ಹೊಸ ಫೈಲು ಹುಟ್ಟಿಸಿ ಮತ್ತೆ ಮೂವರಿಗೂ ಕಳಿಸುತ್ತದೆ. ಬ್ಯಾಂಕಿನ ಚೆಕ್ಕಿನ ಮೇಲೆ ಗೀಟು ಎಳೆದು ರದ್ದು ಎಂದು ಬರೆದರೆ ಮುಗಿಯಿತಲ್ಲ. ಇಪ್ಪತ್ತಾರು ವರ್ಷ ಹಾಗೇ ಮಾಡಿದವನು ನಾನು.

ಅವತ್ತು ವಿತ್‌ಡ್ರಾ ಕೇಳಿದವರು ಶಿಡ್ಲಘಟ್ಟದ ಅನ್ವರ್ ಪಾಷಾ. ರೇಷ್ಮೆ ನೂಲು ಬಿಚ್ಚುವ ರೀಲರ್. ಐದಾರು ವರ್ಷ ಸ್ವಲ್ಪ ಸ್ವಲ್ಪವಾಗಿ ಕೊಂಡು ಕೂಡಿಸಿದ್ದನ್ನೆಲ್ಲ ತಮ್ಮದೇ ವಿಳಾಸಕ್ಕೆ ಕಳಿಸಿ ಎಂದಿದ್ದರು. ದೊಡ್ಡ ಮೊತ್ತ. ಬೆಳಿಗ್ಗೆ ನಾನು ಸಹಿ ಹಾಕಿದೆ. ಚಿಂತಾಮಣಿಯಲ್ಲಿ ಲಲಿತಮ್ಮನೂ ಹಾಕಿದರು, ಮೇಲ್ ಕಳಿಸುವ ಗುಂಡಿ ಒತ್ತಿದರು, ಕೂಡಲೇ ಲ್ಯಾಪ್‌ಟಾಪು ಮುಚ್ಚಿ ಕೈವಾರದ ಬಸ್ಸು ಹತ್ತಿದರು. ಮೇಲ್ ಹೋಗಿರಲಿಲ್ಲ. ಅದು ಮುಚ್ಚಿದ ಲ್ಯಾಪ್‌ಟಾಪಿನೊಳಗೇ ಕೂತಿತ್ತು. ಎರಡು ಗಂಟೆ ಕಳೆಯಿತು. ಫೈಲು ರದ್ದಾಯಿತು. ಹೊಸ ಫೈಲು ಬಂತು. ಅದಕ್ಕೆ ನಾನು ಮತ್ತು ಮುನಿರಾಜು ಸಹಿ ಹಾಕಿದೆವು. ಹಣ ಹೋಯಿತು.

ಸಂಜೆ ಐದರ ಸುಮಾರಿಗೆ ಲಲಿತಮ್ಮ ಕೈವಾರದಿಂದ ಬಂದು ಲ್ಯಾಪ್‌ಟಾಪು ತೆರೆದರು. ಬೆಳಗಿನ ಮೇಲ್ ಆಗ ಹೊರಟಿತು. ನಮ್ಮ ಕಂಪ್ಯೂಟರು ಅದನ್ನು ತೆಗೆದುಕೊಂಡಿತು, ನನ್ನ ಬೆಳಗಿನ ಸಹಿಯ ಜೊತೆ ಸೇರಿಸಿತು, ಎರಡು ಸಹಿ ಪೂರ್ತಿಯಾದವು ಎಂದುಕೊಂಡು ಕಳಿಸಿಬಿಟ್ಟಿತು. ಎರಡು ಸಹಿ ಪೂರ್ತಿಯಾದರೆ ಕಳಿಸು ಎಂದು ಬರೆದವನು ನಾನು. ರದ್ದಾಗಿದೆಯೇ ನೋಡು ಎಂದು ಬರೆಯಲು ಮರೆತವನೂ ನಾನು.

ಮುನಿರಾಜು ಪರದೆಯ ಮೇಲೆ ಎರಡು ಸಾಲು ನೋಡಿದ. ಒಂದೇ ವಿಳಾಸ, ಒಂದೇ ಮೊತ್ತ. ಗಾಬರಿಯಾದರೆ ಅವನ ಬಾಯಲ್ಲಿ ತೆಲುಗು ಬರುತ್ತಿತ್ತು.

"ಏಂದಿ ಸಾರ್ ಇದಿ?"

"ಆಗೋಕೆ ಸಾಧ್ಯವಿಲ್ಲ," ಎಂದೆ. "ಬೆಳಗಿನದು ರದ್ದಾಗಿದೆ."

"ಎಲ್ಲಿ ರದ್ದಾಗಿದೆ?"

"ನಮ್ಮ ಕಂಪ್ಯೂಟರಲ್ಲಿ."

"ನಮ್ಮ ಕಂಪ್ಯೂಟರಲ್ಲಿ ರದ್ದು ಅಂತ ಬರ್ಕೊಂಡ್ರೆ ಊರಿಗೆಲ್ಲ ಗೊತ್ತಾಗುತ್ತಾ ಸಾರ್?"

ಆಗಲೂ ನನಗೆ ಅರ್ಥವಾಗಲಿಲ್ಲ. ನಿಜ ಹೇಳುತ್ತಿದ್ದೇನೆ. ಒಂದೇ ವಿತ್‌ಡ್ರಾ ಎರಡು ಸಲ ಹೇಗೆ ಹೋಗುತ್ತದೆ, ಒಂದು ಹೋದ ಮೇಲೆ ಇನ್ನೊಂದನ್ನು ಬಿಟ್‌ಕಾಯಿನ್ನಿನ ಲೆಕ್ಕ ಇಡುವ ಜಾಲ ಯಾಕೆ ತಿರಸ್ಕರಿಸಲಿಲ್ಲ ಎಂದೇ ಯೋಚಿಸುತ್ತಿದ್ದೆ. ನಮ್ಮಲ್ಲಿದ್ದ ಬಿಟ್‌ಕಾಯಿನ್ ಪರ್ಸಿನ ನೋಟುಗಳ ಹಾಗೆ ಬಿಡಿ ಬಿಡಿ ತುಣುಕುಗಳಾಗಿರುತ್ತದೆ, ಅವನ್ನೇ ನಾಣ್ಯ ಎನ್ನುತ್ತಿದ್ದೆವು. ಎರಡು ಫೈಲುಗಳೂ ಬೇರೆ ಬೇರೆ ನಾಣ್ಯಗಳನ್ನು ಬಳಸಿದ್ದವು. ಜಾಲಕ್ಕೆ ಅವು ಸಂಬಂಧವೇ ಇಲ್ಲದ ಎರಡು ಪಾವತಿಗಳು. ಅನ್ವರ್ ಪಾಷಾ ಯಾರು, ಅವರು ಕೇಳಿದ್ದು ಎಷ್ಟು ಸಲ, ಅದಕ್ಕೆ ಏನೂ ತಿಳಿಯದು. ಹೆಚ್ಚಿಗೆ ಹೋದ ಮೊತ್ತ ನಮ್ಮ ಎಂಟು ಜನರ ವರ್ಷದ ಸಂಬಳಕ್ಕಿಂತ ದೊಡ್ಡದು. ವಾಪಸ್ ಬರದಿದ್ದರೆ ಆ ಮಹಡಿಗೆ ಬೀಗ ಹಾಕುವುದೇ ಗತಿ. ಮುನಿರಾಜು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಆಮೇಲೆ, ಗಿರಾಕಿಗೆ ಫೋನಿನಲ್ಲಿ ಹೇಳುವ ವಿಷಯವಲ್ಲ, ನಾಳೆ ನೀವೇ ಹೋಗಿ ಎಂದ.

ಲಲಿತಮ್ಮ ತಾವೂ ಬರುತ್ತೇನೆಂದರು. ತಮ್ಮ ಸಹಿ ಇರುವ ಕಾಗದದಿಂದ ಆದ ಎಡವಟ್ಟು, ತಾವು ಮನೆಯಲ್ಲಿ ಕೂರುವುದು ಸರಿಯಲ್ಲ ಎಂದರು. ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಸೇರಿ ಆಟೋದಲ್ಲಿ ಅವರ ನೂಲು ಬಿಚ್ಚುವ ಘಟಕಕ್ಕೆ ಹೋದೆವು. ಅನ್ವರ್ ಪಾಷಾ ಐವತ್ತು ದಾಟಿದವರು. ಒಳಗೆ ಬೇಯುವ ರೇಷ್ಮೆಗೂಡಿನ ವಾಸನೆ, ಆವಿ, ಚಕ್ರಗಳ ಸದ್ದು. ಹೊರಗೆ ಮೂರು ಕುರ್ಚಿ ಹಾಕಿಸಿ ಚಹಾ ತರಿಸಿದರು. ನಾನು ನಡೆದದ್ದನ್ನು ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅದು ನಂಬುವಂತಿಲ್ಲ ಎನ್ನಿಸತೊಡಗಿತು.

"ಎರಡು ಸಲ ಬಂದಿರೋದು ನಾನೂ ನೋಡ್ದೆ," ಎಂದರು ಅವರು. "ಮುಟ್ಟಿಲ್ಲ. ಬೇರೆಯವರ ದುಡ್ಡು ನನಗೆ ಬೇಡ ಸಾಬ್. ಆದ್ರೆ ನಿಮಗೆ ಕೊಡೋಕೂ ಆಗಲ್ಲ."

"ಯಾಕೆ?"

"ತಪ್ಪಾಗಿ ನಿಮಗೆ ದುಡ್ಡು ಬಂದಿದೆ, ಈ ಅಡ್ರೆಸ್‌ಗೆ ವಾಪಸ್ ಹಾಕಿ ಅಂತ ಯಾರಾದ್ರೂ ಕೇಳಿದ್ರೆ ಹಾಕ್ಬೇಡಿ, ಅದು ಮೋಸ ಅಂತ ನಿಮ್ಮ ಆ್ಯಪ್‌ನಲ್ಲೇ ಬರೆದಿದೆ. ನೀವು ಒಳ್ಳೇವ್ರು ಇರಬಹುದು. ಕಳ್ಳ ಬಂದ್ರೂ ಇದೇ ಕುರ್ಚಿ ಮೇಲೆ ಕೂತು ಇದೇ ಮಾತು ಹೇಳ್ತಾನೆ."

ಆ ಎಚ್ಚರಿಕೆಯನ್ನು ಆ್ಯಪ್‌ನಲ್ಲಿ ಹಾಕಿದವನೂ ನಾನೇ. ಗುರುತಿನ ಚೀಟಿ ತೋರಿಸಿದೆ. ಅದನ್ನು ಯಾರು ಬೇಕಾದರೂ ಮಾಡಿಸಬಹುದು ಎಂದರು. ಮುನಿರಾಜುವಿಗೆ ಫೋನ್ ಹಚ್ಚಿಕೊಟ್ಟೆ. ಈ ಧ್ವನಿ ಯಾರದೋ ತನಗೇನು ಗೊತ್ತು ಎಂದರು. ಲಲಿತಮ್ಮನ ಕಡೆ ನೋಡಿದೆ. ಅವರು ಚಹಾ ಲೋಟ ಕೆಳಗಿಟ್ಟು, "ಅವರು ಹೇಳ್ತಿರೋದು ನ್ಯಾಯ. ನಾನಾಗಿದ್ರೂ ಕೊಡ್ತಿರ್ಲಿಲ್ಲ" ಎಂದರು. ನಾವು ಬಂದದ್ದು ಯಾವ ಕಡೆಯವರಾಗಿ ಎಂದು ಒಂದು ಕ್ಷಣ ನನಗೆ ತಿಳಿಯದಾಯಿತು.

ಆಮೇಲೆ ಅವರು ಅನ್ವರ್ ಪಾಷಾ ಅವರನ್ನೇ ಕೇಳಿದರು. "ನೀವೇ ಹೇಳಿ. ಹೇಗೆ ಕೊಟ್ರೆ ನಿಮಗೆ ಧೈರ್ಯ?"

ಅನ್ವರ್ ಪಾಷಾ ಒಳಗೆ ಹೋಗಿ ಒಂದು ಚಕ್ರದ ಹತ್ತಿರ ಕೆಲಸದವಳಿಗೆ ಏನೋ ಹೇಳಿ ಬಂದರು. ಕೂರಲಿಲ್ಲ, ನಿಂತೇ ಹೇಳಿದರು. "ನಿಮ್ಮ ಅಡ್ರೆಸ್ ನನಗೆ ಬೇಡ. ನಿಮ್ಮ ಕಂಪ್ನೀಲಿ ನನ್ನ ಖಾತೆ ಇದೆಯಲ್ಲ. ಅದಕ್ಕೆ ಹಾಕೋಕೆ ಒಂದು ಅಡ್ರೆಸ್ ಆ್ಯಪ್‌ನಲ್ಲಿ ತೋರಿಸುತ್ತೆ. ನಾನೇ ಲಾಗಿನ್ ಆಗಿ, ನಾನೇ ನೋಡಿ, ಅದಕ್ಕೆ ಹಾಕ್ತೀನಿ. ನೀವು ಕಂಪ್ನಿಯವರೇ ಆಗಿದ್ರೆ ಅದು ನಿಮ್ಮ ಕೈಗೆ ಬಂದ ಹಾಗೇ. ಆಮೇಲೆ ಆ್ಯಪ್‌ನಲ್ಲೇ ನನಗೆ ಬರೀರಿ, ನಾನು ಅಲ್ಲೇ ಒಪ್ಪಿಗೆ ಕೊಡ್ತೀನಿ. ನೀವು ಬೇರೆ ಯಾರೋ ಆಗಿದ್ರೆ, ದುಡ್ಡು ನನ್ನ ಖಾತೇಲೇ ಇರುತ್ತೆ."

ಗಿರಾಕಿ ಹಣ ಹಾಕುವ ಆ ವಿಳಾಸದ ಏರ್ಪಾಡನ್ನು ಕಟ್ಟಿದವನು ನಾನು. ಇಷ್ಟು ಸರಳ ದಾರಿ ಅದರಲ್ಲಿದೆ ಎಂದು ಹಿಂದಿನ ದಿನದಿಂದ ನನಗೆ ಹೊಳೆದಿರಲಿಲ್ಲ. ಅವತ್ತೇ ಹಾಕಲಿಲ್ಲ ಅವರು. ಭಾವಮೈದುನನನ್ನು ಕೇಳಬೇಕು ಎಂದರು. ಮೂರು ದಿನ ಕಳೆಯಿತು. ಆ ಮೂರು ದಿನ ಆಫೀಸಿನಲ್ಲಿ ಯಾರೂ ನನ್ನ ಎದುರು ಆ ವಿಷಯ ಎತ್ತಲಿಲ್ಲ, ಊಟಕ್ಕೆ ಮಾತ್ರ ಜೊತೆಗೆ ಕರೆಯುತ್ತಿದ್ದರು. ನಾಲ್ಕನೇ ದಿನ ಮಧ್ಯಾಹ್ನ ಪೂರ್ತಿ ಮೊತ್ತ ಅವರ ಖಾತೆಗೆ ಬಂತು. ಕಳಿಸಲು ತಗುಲಿದ ಶುಲ್ಕವನ್ನೂ ಅವರೇ ಭರಿಸಿದ್ದರು. ಆ್ಯಪ್‌ನಲ್ಲೇ ಅವರ ಒಪ್ಪಿಗೆ ಪಡೆದು ಮೊತ್ತವನ್ನು ಕಂಪನಿಗೆ ತೆಗೆದುಕೊಂಡೆವು, ಶುಲ್ಕವನ್ನು ಮುನಿರಾಜು ಅವರಿಗೆ ವಾಪಸ್ ಕೊಡಿಸಿದ.

ನಾನು ರಾಜೀನಾಮೆ ಪತ್ರ ಬರೆದುಕೊಂಡು ಹೋಗಿದ್ದೆ. ಅವನು ಅದನ್ನು ಓದದೆ ಪಕ್ಕಕ್ಕಿಟ್ಟ.

"ಇದು ಬೇಡ ಸಾರ್. ಆಗಿದ್ದು ಯಾಕಾಯ್ತು ಅಂತ ಒಂದು ಹಾಳೆ ಬರ್ದುಕೊಡಿ. ಕನ್ನಡದಲ್ಲಿ. ಲಲಿತಮ್ಮಂಗೆ ಓದಿದ್ರೆ ಅರ್ಥ ಆಗ್ಬೇಕು."

ಒಂದು ಹಾಳೆಗೆ ಹತ್ತು ದಿನ ಹಿಡಿಯಿತು. ಮೊದಲ ಸಲ ಬರೆದದ್ದನ್ನು ಲಲಿತಮ್ಮ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ಕಳಿಸಿದರು. "ರದ್ದು ಮಾಡಲಾಯಿತು" ಎಂದು ನಾನು ಬರೆದ ಕಡೆಯಲ್ಲೆಲ್ಲ ಅಂಚಿನಲ್ಲಿ, "ಯಾರು? ಎಲ್ಲಿ? ಸಹಿ ಹಾಕಿದ ಕಾಗದ ಆಗ ಯಾರ ಕೈಯಲ್ಲಿತ್ತು?" ಎಂದು ಬರೆದಿದ್ದರು. ಉತ್ತರ ಬರೆಯಲು ಹೋದಾಗ ನನ್ನ ಹತ್ತಿರ ಉತ್ತರವಿಲ್ಲ ಎಂದು ಗೊತ್ತಾಯಿತು. ಚೆಕ್ಕಾದರೆ ಅದು ತಿರುಗಿ ಬ್ಯಾಂಕಿಗೇ ಬರಬೇಕು, ಬ್ಯಾಂಕು ಬೇಡ ಎನ್ನಬಹುದು. ಇಲ್ಲಿ ಬೇಡ ಎನ್ನಲು ಯಾರೂ ಇಲ್ಲ. ಸಹಿ ಬಿದ್ದ ಫೈಲು ಯಾರ ಲ್ಯಾಪ್‌ಟಾಪಿನಲ್ಲಿ ಕೂತಿದ್ದರೂ ಅದಕ್ಕೆ ಜೀವ ಇರುತ್ತದೆ. ಅದನ್ನು ಸಾಯಿಸುವ ದಾರಿ ಒಂದೇ: ಅದು ನಂಬಿಕೊಂಡಿರುವ ನಾಣ್ಯವನ್ನೇ ಇನ್ನೊಂದು ಕಡೆ ಖರ್ಚು ಮಾಡಿಬಿಡುವುದು. ಮೂರನೇ ಸಲ ಬರೆಯುವಾಗ ಈ ವಾಕ್ಯ ಬಂತು. ಬಂದ ಮೇಲೆ ಪೆನ್ನು ಕೆಳಗಿಟ್ಟೆ. ಒಂದೂವರೆ ವರ್ಷ ಎಂದು ಮೊದಲೇ ಹೇಳಿದೆನಲ್ಲ, ಅದು ಮುಗಿದದ್ದು ಅವತ್ತು.

ಆಮೇಲೆ ಪ್ರೋಗ್ರಾಂ ಬದಲಿಸಿದೆ. ಹಳೆಯ ಫೈಲಿನ ಬದಲು ಹೊಸದು ಹುಟ್ಟಿಸುವಾಗ ಹಳೆಯದರ ನಾಣ್ಯಗಳಲ್ಲಿ ಒಂದಾದರೂ ಹೊಸದರಲ್ಲಿ ಇರಲೇಬೇಕು. ಆಗ ಎರಡರಲ್ಲಿ ಒಂದು ಮಾತ್ರ ನಡೆಯುತ್ತದೆ, ಯಾವುದು ಮೊದಲು ಮುಟ್ಟಿದರೂ ಇನ್ನೊಂದು ತಾನಾಗಿ ಸಾಯುತ್ತದೆ. ಬದಲಾವಣೆ ಇಪ್ಪತ್ತು ಸಾಲು ಕೂಡ ಇರಲಿಲ್ಲ. ಈಗಲೂ ಒಮ್ಮೊಮ್ಮೆ ನನಗೆ ಗಲಿಬಿಲಿಯಾಗುತ್ತದೆ. ಒಂದು ಫೈಲು ಸತ್ತಿದೆ ಎಂದು ನಿಶ್ಚಯವಾಗಿ ಹೇಳಲು ಎಷ್ಟು ಹೊತ್ತು ಕಾಯಬೇಕು ಎಂದು ಆ ಹುಡುಗಿಯರಲ್ಲಿ ಒಬ್ಬಳು ಕೇಳಿದಾಗ, ನಾನು ಕೊಟ್ಟ ಉತ್ತರ ನನಗೇ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಅದರ ಬದಲಿನದು ನಡೆಯಿತು ಎಂದು ಜಾಲ ಆರು ಸಲ ಖಚಿತಪಡಿಸುವವರೆಗೆ, ಆರು ದೃಢೀಕರಣ ಎಂದೆ. ಐದಾದರೆ ಯಾಕೆ ಸಾಲದು ಎಂದಳು. ಗೊತ್ತಿಲ್ಲಮ್ಮ ಎಂದೆ.

ಅರವತ್ತಾದ ಮೇಲೆ ಬಿಡುತ್ತೇನೆ ಎಂದು ಮುನಿರಾಜುವಿಗೆ ಹೇಳಿದಾಗ, ನನ್ನ ಯಂತ್ರವನ್ನು ಬೇರೆಯವರ ಕೈಗೆ ಕೊಟ್ಟರಾಯಿತು ಎಂದುಕೊಂಡಿದ್ದೆ. ಹಾಗಾಗುವುದಿಲ್ಲ. ಅದರ ಗುಟ್ಟನ್ನು ನಾನು ಎಲ್ಲಾದರೂ ಬರೆದಿಟ್ಟುಕೊಂಡಿಲ್ಲ ಎಂದು ಯಾರು ಹೇಳಬೇಕು? ಹೊಸ ಮೂವರ ಗುಟ್ಟುಗಳಿಂದ ಹೊಸ ಬೀಗ ಮಾಡಿ, ಹಳೆಯ ಬೀಗದೊಳಗಿನ ಅಷ್ಟೂ ನಾಣ್ಯವನ್ನು ಅದಕ್ಕೆ ಸಾಗಿಸಬೇಕು. ಸಾಗಿಸುವ ಆ ಫೈಲಿಗೆ ಹಳೆಯವರಲ್ಲಿ ಇಬ್ಬರು ಸಹಿ ಹಾಕಬೇಕು. ಮುನಿರಾಜು, ನೀವೂ ಲಲಿತಮ್ಮನವರೂ ಹಾಕಿ ಎಂದ.

ಅವತ್ತು ಲಲಿತಮ್ಮ ಹಟ ಹಿಡಿದು ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೇ ಬಂದರು. ಹೊಸ ವಿಳಾಸವನ್ನು ಅವರು ಹಾಳೆಯಿಂದ ಒಂದೊಂದೇ ಅಕ್ಷರ ಓದಿದರು, ನಾನು ಪರದೆಯಲ್ಲಿ ನೋಡಿ ಹೂಂ ಎಂದೆ. ಆಮೇಲೆ ನಾನು ಓದಿದೆ, ಅವರು ಹೂಂ ಎಂದರು. ಇಬ್ಬರೂ ಗುಂಡಿ ಒತ್ತಿದೆವು. ಹತ್ತು ನಿಮಿಷದಲ್ಲಿ ಆಗಬಹುದಾದ ಮೊದಲ ದೃಢೀಕರಣವೇ ಅವತ್ತು ಐವತ್ತು ನಿಮಿಷ ತೆಗೆದುಕೊಂಡಿತು. ಯಾರೂ ಎದ್ದು ಹೋಗಲಿಲ್ಲ. ಕೆಳಗಿನ ಅಂಗಡಿಯಿಂದ ಗೊಬ್ಬರದ ಮೂಟೆ ಇಳಿಸುವ ಸದ್ದು ಬರುತ್ತಿತ್ತು.

ಕೊನೆಗೆ, ಆರೂ ಆದ ಮೇಲೆ, ಮುನಿರಾಜು ಪರದೆಯಿಂದ ತಲೆ ಎತ್ತಿದ. "ಆಯ್ತು ಸಾರ್. ಇನ್ಮೇಲೆ ನಿಮ್ಮ ಸಹಿಯಿಂದ ಏನೂ ಆಗಲ್ಲ."

"ಯಂತ್ರ ಏನ್ಮಾಡ್ಲಿ?"

"ಇಟ್ಕೊಳ್ಳಿ. ಬರೀ ಪ್ಲಾಸ್ಟಿಕ್ ಅದು ಈಗ."

ಒಳ್ಳೆಯದಾಯಿತು ಎಂದೆ. ಒಳ್ಳೆಯದೋ ಅಲ್ಲವೋ ಆ ಹೊತ್ತಿಗೆ ತಿಳಿಯಲಿಲ್ಲ. ಲಲಿತಮ್ಮನವರನ್ನು ಚಿಂತಾಮಣಿ ಬಸ್ಸಿಗೆ ಹತ್ತಿಸಿ ನಾನು ಗೌರಿಬಿದನೂರಿನದನ್ನು ಹಿಡಿದೆ. ಕೂರಲು ಕಿಟಕಿ ಪಕ್ಕ ಸಿಕ್ಕಿತು. ಮಂಚೇನಹಳ್ಳಿಯಲ್ಲಿ ಬಸ್ಸು ತುಂಬಿತು, ಪಕ್ಕದಲ್ಲಿ ಬಂದು ಕೂತವರು ಸ್ವಲ್ಪ ಸರಿಯಿರಿ ಎಂದರು. ಸರಿದೆ. ಆಗ ನೋಡಿಕೊಂಡೆ, ಚಿಕ್ಕಬಳ್ಳಾಪುರ ಬಿಟ್ಟಾಗಿನಿಂದ ನನ್ನ ಬಲಗೈ ಜೇಬಿನೊಳಗೆ ಆ ಯಂತ್ರವನ್ನು ಬಿಗಿಯಾಗಿ ಹಿಡಿದುಕೊಂಡೇ ಇತ್ತು. ಬಿಡಬಹುದಿತ್ತು. ಊರು ಬರುವವರೆಗೂ ಬಿಡಲಿಲ್ಲ.